ಜೀವನಾಂಶದ ನೋಟಿಸನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿದರೆ ಕೇಸು ನಿಲ್ಲುತ್ತದೆಯೇ?

ಪ್ರಶ್ನೆ: ನಾನೂ ಹೆಂಡತಿಯೂ ಬೇರೆ ಬೇರೆ ವಾಸವಾಗಿದ್ದೇವೆ. ಮಗಳಿಗೆ ಜೀವನಾಂಶ ಕೇಳಿ ಅವಳು ಅರ್ಜಿ ಹಾಕಿದ್ದಾಳೆಂದು ತಿಳಿಯಿತು. ಕೋರ್ಟಿನ ನೋಟಿಸನ್ನು ಕೈಯಲ್ಲಿ ಹಿಡಿಯದಿದ್ದರೆ ಕೇಸು ಮುಂದೆ ಸಾಗುವುದಿಲ್ಲ ಎನ್ನುತ್ತಾರೆ. ನಿಜವೇ?

ನಿಜವಲ್ಲ. ಈ ಮಾತನ್ನು ನಂಬಿ ಕೆಟ್ಟವರಿದ್ದಾರೆ. ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಸಹಿ ಹಾಕಿ ನೋಟಿಸ್ ಪಡೆದರೆ ಅರ್ಜಿಯಲ್ಲಿರುವುದನ್ನೆಲ್ಲ ಒಪ್ಪಿಕೊಂಡಂತೆ ಎಂಬ ಭಯ ಹಲವರಿಗಿದೆ. ಆ ಸಹಿಗೆ ಇರುವ ಅರ್ಥ ಒಂದೇ: ಕಾಗದ ತಲುಪಿತು. ಇನ್ನು, ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಬಂದ ಲಕೋಟೆ ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ಹಿಂದಿರುಗಿದರೆ, ನೋಟಿಸ್ ಜಾರಿಯಾಗಿದೆ ಎಂದೇ ನ್ಯಾಯಾಲಯ ಭಾವಿಸಬಹುದು. ನೀವು ಸಿಗದಿದ್ದರೆ ನಿಮ್ಮೊಂದಿಗೆ ವಾಸಿಸುವ ಕುಟುಂಬದ ವಯಸ್ಕರ ಕೈಗೆ ಸಮನ್ಸ್ ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಗಂಡಸರಿಗಷ್ಟೇ ಸೀಮಿತವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ನಿಮ್ಮ ತಾಯಿಯ ಕೈಗೂ ಕೊಡಬಹುದು. ಯಾರೂ ಸಿಗದಿದ್ದರೆ ಮನೆಯ ಬಾಗಿಲಿಗೆ ಅಂಟಿಸುವ ದಾರಿಯೂ ಇದೆ. ಆಗ ನೀವು ಮುಚ್ಚಿಡಬೇಕೆಂದಿದ್ದ ಸಂಗತಿಯನ್ನು ನೆರೆಹೊರೆಯವರೂ ಓದುತ್ತಾರೆ.

ನಿಜವಾದ ನಷ್ಟ ಆಮೇಲಿನದು. ಬೇಕೆಂದೇ ನೋಟಿಸ್ ತಪ್ಪಿಸಿಕೊಳ್ಳುತ್ತಿದ್ದೀರಿ ಎಂದು ಮನವರಿಕೆಯಾದರೆ, ಈ ಸಂಹಿತೆಯ 145ನೇ ಕಲಮಿನಡಿ ನೀವಿಲ್ಲದೆಯೇ ವಿಚಾರಣೆ ನಡೆಸಿ ಏಕಪಕ್ಷೀಯ ಆದೇಶ ಕೊಡಬಹುದು. ನಿಮ್ಮ ಸಂಬಳವೆಷ್ಟು, ಸಾಲದ ಕಂತು ಎಷ್ಟು, ತಂದೆಯ ಔಷಧಿಗೆ ಎಷ್ಟು ಹೋಗುತ್ತದೆ ಎಂದು ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರವನ್ನು ಎರಡೂ ಕಡೆಯವರು ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಹೇಳಿತು. ನಿಮ್ಮ ಕಡೆಯ ಲೆಕ್ಕ ಮುಂದಿಡಲು ಇರುವ ಆ ಅವಕಾಶವನ್ನು ನೀವೇ ಕೈಬಿಟ್ಟಂತಾಗುತ್ತದೆ.

ಎಳೆದಾಡಿದರೆ ಹಣ ಉಳಿಯುತ್ತದೆ ಎಂಬ ಲೆಕ್ಕವೂ ತಪ್ಪು. ಅದೇ ತೀರ್ಪಿನಂತೆ ಜೀವನಾಂಶ ಸಲ್ಲಬೇಕಾದದ್ದು ಅರ್ಜಿ ಹಾಕಿದ ದಿನದಿಂದ. ತಿಂಗಳಿಗೆ 8,000 ರೂಪಾಯಿ ಎಂದು ಆದೇಶವಾಯಿತೆಂದುಕೊಳ್ಳಿ. ಅಷ್ಟರಲ್ಲಿ 18 ತಿಂಗಳು ಕಳೆದಿದ್ದರೆ 1,44,000 ರೂಪಾಯಿ ಬಾಕಿ ಒಮ್ಮೆಗೇ ತಲೆಯ ಮೇಲೆ ಬೀಳುತ್ತದೆ. ಕಟ್ಟದಿದ್ದರೆ ವಸೂಲಿ ವಾರಂಟ್, ಅದಕ್ಕೂ ಬಗ್ಗದಿದ್ದರೆ ಜೈಲು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಸ್ಪಷ್ಟಪಡಿಸಿದೆ.

ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ಇತ್ಯರ್ಥ ಮಾಡಬೇಕೆಂದು ಕಾನೂನು ಹೇಳುತ್ತದೆ. ನೀವು ಲಕೋಟೆ ಹಿಂದಿರುಗಿಸಿದಷ್ಟೂ ಆ ಎಣಿಕೆ ಶುರುವಾಗುವುದೇ ತಡವಾಗುತ್ತದೆ. ಹೆಂಡತಿಯ ಮೇಲಿನ ಸಿಟ್ಟು ಏನೇ ಇರಲಿ, ಅಷ್ಟು ದಿನ ಶಾಲೆಯ ಶುಲ್ಕಕ್ಕೆ, ಊಟಕ್ಕೆ ಕಾಯುವವಳು ನಿಮ್ಮ ಮಗಳು.

ನೋಟಿಸನ್ನು ಈಗಾಗಲೇ ಹಿಂದಿರುಗಿಸಿದ್ದರೆ ತಡಮಾಡಬೇಡಿ. ಆ ನ್ಯಾಯಾಲಯದ ಕಚೇರಿಯಲ್ಲಿ ಮುಂದಿನ ದಿನಾಂಕ ವಿಚಾರಿಸಿ, ಹಾಜರಾಗಿ. ಏಕಪಕ್ಷೀಯ ಆದೇಶ ಆಗಿಹೋಗಿದ್ದರೆ, ತಕ್ಕ ಕಾರಣ ತೋರಿಸಿ ಅದನ್ನು ರದ್ದುಪಡಿಸಲು ಆದೇಶದ ದಿನದಿಂದ 3 ತಿಂಗಳೊಳಗೆ ಅರ್ಜಿ ಹಾಕಬಹುದು. ಎದುರು ಪಕ್ಷದ ಖರ್ಚು ಕೊಡಬೇಕೆಂಬ ಷರತ್ತು ಬರಬಹುದು. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಮಿತಿಯೊಳಗಿದ್ದರೆ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಸಾಲದ ಕಾಗದಗಳನ್ನು ಜೊತೆಗೆ ಒಯ್ಯಿರಿ.