ಪದ ಪರಿಚಯ: ಟ್ಯಾರಿಫ್

ಕರೆಂಟ್ ಬಿಲ್ ಜಾಸ್ತಿ ಬಂದರೆ ಕೋಲಾರದ ಕಡೆ ಮೊದಲ ಬೈಗುಳ ಮೀಟರ್‌ಗೆ, ಎರಡನೆಯದು ಕೆಇಬಿಗೆ. ಕೆಇಬಿ ಹೋಗಿ ಬೆಸ್ಕಾಂ ಬಂದು ಎರಡು ದಶಕ ದಾಟಿದೆ, ಜನರ ಬಾಯಲ್ಲಿ ಮಾತ್ರ ಇನ್ನೂ ಕೆಇಬಿಯೇ. ಆದರೆ ದರ ಗೊತ್ತು ಮಾಡುವುದು ಬೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಸ್ಕಾಂ ತನಗೆ ಇಷ್ಟು ಬೇಕು ಎಂದು ಅರ್ಜಿ ಹಾಕುತ್ತದೆ. ಆಯೋಗ ಜನರ ಆಕ್ಷೇಪಣೆ ಕೇಳಿ ಆದೇಶ ಹೊರಡಿಸುತ್ತದೆ. ಆ ಆದೇಶದಲ್ಲಿರುವ ದರಪಟ್ಟಿಯೇ ಟ್ಯಾರಿಫ್.

ಮನೆಗೊಂದು ಟ್ಯಾರಿಫ್, ಅಂಗಡಿಗೊಂದು, ಕಾರ್ಖಾನೆಗೊಂದು, ತೋಟದ ಪಂಪ್‌ಸೆಟ್‌ಗೊಂದು. ಮೊಬೈಲ್ ಸಿಮ್ ಬದಲಾಯಿಸಿದ ಹಾಗೆ ಬೇರೆ ಕಂಪನಿಯ ಅಗ್ಗದ ದರ ಹುಡುಕಿಕೊಂಡು ಹೋಗಲು ಮನೆಯವರಿಗೆ ಇಲ್ಲಿ ದಾರಿಯಿಲ್ಲ. ಹಾಗಾದರೆ ಕರೆಂಟ್ ಜಾಸ್ತಿ ಬೇಕಾಗುವ ಮನೆ ಏನು ಮಾಡಬೇಕು? ಒಂದೇ ಟ್ಯಾರಿಫ್‌ನ ಒಳಗೆ ಎಲ್ಲಿ ಉಳಿಸಬಹುದು ಎಂದು ನೋಡಬೇಕು.

ಮೊದಲು ಒಂದು ಸಮಾಧಾನದ ಸುದ್ದಿ. 2024ರ ಏಪ್ರಿಲ್‌ಗೆ ಮುಂಚೆ ತಿಂಗಳಿಗೆ 100 ಯೂನಿಟ್ ದಾಟಿದ ಮನೆಗೆ ಎಲ್ಲಾ ಯೂನಿಟ್‌ಗೂ 7 ರೂಪಾಯಿ ಬೀಳುತ್ತಿತ್ತು. ಆಮೇಲೆ ಸ್ಲ್ಯಾಬ್, ಅಂದರೆ ಬಳಕೆಗೆ ತಕ್ಕಂತೆ ಏರುವ ದರದ ಹಂತ, ತೆಗೆದು ಎಲ್ಲರಿಗೂ 5.90 ಮಾಡಿದರು. 2025ರ ಏಪ್ರಿಲ್‌ನಿಂದ ಅದು 5.80 ಆಯಿತು. ಅಂದರೆ ಯೂನಿಟ್ ದರದ ಮಟ್ಟಿಗೆ ಜಾಸ್ತಿ ಉರಿಸುವವರಿಗೇ ಲಾಭವಾಯಿತು. ಇದು ಸರಿಯೇ ಅನ್ನುವುದು ಬೇರೆ ಮಾತು.

ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಸ್ವಲ್ಪ ಕಿತ್ತುಕೊಂಡರು. ಎಷ್ಟು ಉರಿಸಿದರೂ ಪ್ರತಿ ತಿಂಗಳು ಕಟ್ಟುವ ನಿಗದಿತ ಶುಲ್ಕ, ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ, 120ರಿಂದ 145 ರೂಪಾಯಿಗೆ ಏರಿತು. ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಎಂದು ಯೂನಿಟ್‌ಗೆ 36 ಪೈಸೆ ಹೊಸದಾಗಿ ಸೇರಿತು. ಅದರ ಜೊತೆ ವಿದ್ಯುತ್ ತೆರಿಗೆ ಬೇರೆ.

ಲೆಕ್ಕ ಹಾಕಿ ನೋಡೋಣ. ಕೂಡು ಕುಟುಂಬ, ಕುಡಿಯುವ ನೀರಿಗೂ ಬೋರ್‌ವೆಲ್ಲೇ ಗತಿ. ನಮ್ಮ ಕಡೆ ಸಾವಿರ ಅಡಿಗಿಂತ ಕೆಳಗಿಂದ ನೀರೆತ್ತುವ ಮೋಟಾರ್ ಹೊಸದೇನಲ್ಲ ಅಲ್ವಾ? ಗೀಸರ್, ಫ್ರಿಜ್ ಎಲ್ಲಾ ಸೇರಿ ತಿಂಗಳಿಗೆ 350 ಯೂನಿಟ್, ಮಂಜೂರಾದ ಲೋಡ್ 5 ಕಿಲೋವ್ಯಾಟ್ ಅಂದುಕೊಳ್ಳಿ. 2025-26ರ ದರದಲ್ಲಿ ಯೂನಿಟ್‌ಗಳಿಗೆ 2,030 ರೂಪಾಯಿ. ಲೋಡ್‌ಗೆ 725 ರೂಪಾಯಿ. ಈ 725 ಇದೆಯಲ್ಲ, ಮನೆಗೆ ಬೀಗ ಹಾಕಿ ತಿಂಗಳಿಡೀ ತಿರುಪತಿಯಲ್ಲಿ ಕೂತರೂ ತಪ್ಪುವುದಿಲ್ಲ.

ಮಂಜೂರಾದ ಲೋಡ್ ಅಂದರೆ ಒಂದೇ ಹೊತ್ತಿಗೆ ಇಷ್ಟು ಕರೆಂಟ್ ಎಳೆಯುತ್ತೇವೆ ಎಂದು ಕನೆಕ್ಷನ್ ತಗೊಳ್ಳುವಾಗ ಬರೆಸಿದ ಪ್ರಮಾಣ. ಮನೆ ಕಟ್ಟಿಸುವಾಗ "ಇರಲಿ ಬಿಡಿ, ಮುಂದೆ ಬೇಕಾಗುತ್ತೆ" ಎಂದು ಎಲೆಕ್ಟ್ರಿಷಿಯನ್ ಸುಮ್ನೆ ಜಾಸ್ತಿ ಬರೆಸಿರುವುದು ಎಷ್ಟೋ ಕಡೆ ಉಂಟು. ಬಿಲ್‌ನಲ್ಲಿ ದಾಖಲಾದ ಗರಿಷ್ಠ ಬೇಡಿಕೆ, ಅಂದರೆ ಆ ತಿಂಗಳು ನಿಜವಾಗಿ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚಿನ ಪ್ರಮಾಣ, ನೋಡಿ. ಒಂದು ವರ್ಷದ ಬಿಲ್‌ಗಳಲ್ಲಿ, ಬೇಸಿಗೆಯೂ ಸೇರಿ, ಅದು 3 ಕಿಲೋವ್ಯಾಟ್ ದಾಟಿಲ್ಲ ಎಂದರೆ ಲೋಡ್ ಇಳಿಸಲು ಅರ್ಜಿ ಕೊಡಬಹುದು. ಎರಡು ಕಿಲೋವ್ಯಾಟ್ ಇಳಿದರೆ 2025-26ರ ದರದಲ್ಲಿ ವರ್ಷಕ್ಕೆ 3,480 ರೂಪಾಯಿ ಉಳಿತಾಯ. ಹಾಗಂತ ತೀರಾ ಇಳಿಸಬೇಡಿ, ಮಿತಿ ಮೀರಿ ಎಳೆದರೆ ದಂಡ ಬೀಳುತ್ತದೆ. ಮೋಟಾರ್ ಓಡುವಾಗ ಗೀಸರ್ ಹಾಕದಿದ್ದರೆ ಸಾಕು, ಗರಿಷ್ಠ ಬೇಡಿಕೆ ತಾನಾಗಿ ತಗ್ಗುತ್ತದೆ.

ಗೃಹಜ್ಯೋತಿ ಟ್ಯಾರಿಫ್ ಅಲ್ಲ. ಅದು ಬಿಲ್‌ನ ಹಣವನ್ನು ಸರ್ಕಾರ ಕಟ್ಟುವ ಯೋಜನೆ. ಸಾಮಾನ್ಯವಾಗಿ 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅರ್ಹತೆ, ಅಂದರೆ ಪುಕ್ಕಟೆ ಸಿಗುವ ಯೂನಿಟ್‌ಗಳ ಮಿತಿ, ಗೊತ್ತು ಮಾಡಿದ್ದಾರೆ. ಅರ್ಹತೆ ದಾಟಿ 200 ಯೂನಿಟ್‌ನೊಳಗೆ ನಿಂತರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 201 ಆಯಿತೋ, ಇಡೀ ಬಿಲ್ ನಿಮ್ಮದೇ. 3 ಕಿಲೋವ್ಯಾಟ್ ಲೋಡ್ ಇರುವ ಮನೆಗೆ 2025-26ರ ದರದಲ್ಲಿ ಆ ಇಡೀ ಬಿಲ್ ಸಾವಿರದ ಏಳುನೂರರ ಮೇಲೆ ಹೋಗುತ್ತದೆ. ಹಾಗಾಗಿ 200ರ ಆಸುಪಾಸಿನಲ್ಲಿ ಓಡಾಡುವ ಮನೆಯವರು ಹದಿನೈದಿಪ್ಪತ್ತು ಯೂನಿಟ್ ಉಳಿಸುವುದಕ್ಕೇ ಪೂರ್ತಿ ಗಮನ ಕೊಡಬೇಕು. 2,000 ವ್ಯಾಟ್ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ದಿನಕ್ಕೆ ಇಪ್ಪತ್ತು ನಿಮಿಷ ಕಮ್ಮಿ ಮಾಡಿದರೆ ತಿಂಗಳಿಗೆ 20 ಯೂನಿಟ್ ಸಿಕ್ಕಿತು.

350, 400 ಉರಿಸುವವರಿಗೆ ಈ ಕಸರತ್ತು ಸಾಲದು. ಅವರಿಗೆ ಛಾವಣಿ ಸೋಲಾರ್ ವಾಸಿ ಅಂತ ನನಗೆ ಕಾಣುತ್ತದೆ, ಬಿಸಿಲಿಗೇನು ನಮ್ಮಲ್ಲಿ ಬರವೇ? ಒಂದು ಕಿಲೋವ್ಯಾಟ್ ಪ್ಯಾನೆಲ್ ತಿಂಗಳಿಗೆ ಹೆಚ್ಚುಕಮ್ಮಿ 100ರಿಂದ 120 ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ನೆಟ್ ಮೀಟರ್ ಹಾಕಿಸಿದರೆ ಹಗಲು ಲೈನಿಗೆ ಹೋದ ಯೂನಿಟ್ ರಾತ್ರಿ ಎಳೆದ ಯೂನಿಟ್‌ಗೆ ವಜಾ ಆಗುತ್ತದೆ. ಆದರೆ ಸೋಲಾರ್ ಮಾರುವವರು "ಬಿಲ್ಲು ಸೊನ್ನೆ ಸಾರ್" ಅಂದರೆ ಪೂರ್ತಿ ನಂಬಬೇಡಿ. ಯೂನಿಟ್ ಸೊನ್ನೆಯಾದರೂ ನಿಗದಿತ ಶುಲ್ಕ ಪ್ರತಿ ತಿಂಗಳೂ ಕಟ್ಟಲೇಬೇಕು.