ಹಡಿಲು ಗದ್ದೆ ಸ್ಯಾಟಲೈಟ್ ಮ್ಯಾಪ್‌ನಲ್ಲಿ ಭತ್ತದ ಗದ್ದೆ ಆಗಿದ್ದು ಹೇಗೆ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮ ಮಜಲು ಗದ್ದೆ (ಎತ್ತರವೂ ಅಲ್ಲದ, ತಗ್ಗೂ ಅಲ್ಲದ ಗದ್ದೆ) ನಾಲ್ಕೈದು ವರ್ಷದಿಂದ ಹಡಿಲು ಬಿದ್ದಿದೆ, ಅಂದರೆ ಬೇಸಾಯವಿಲ್ಲದೆ ಪಾಳು ಬಿದ್ದಿದೆ. ಸ್ಯಾಟಲೈಟ್ ಮ್ಯಾಪ್‌ನಲ್ಲಿ ಮಾತ್ರ ಭತ್ತ ಅಂತ ಇದೆ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ವಾ ಸರ್?

ಉತ್ತರ: ಒಂದೇ ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ನಾನೂ ಇದನ್ನೇ ಬರೆಯುತ್ತೇನೆ. ಆದರೂ ‘ಸ್ಪಷ್ಟವಾದ ಒಂದು ಫೋಟೋ ಸಿಕ್ಕಿದರೆ ಸಾಕು’ ಎನ್ನುವ ನಂಬಿಕೆ ಹೋಗುತ್ತಲೇ ಇಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ಉಚಿತವಾಗಿ ಸಿಗುವ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಸುಮಾರು ಎರಡೂವರೆ ಸೆಂಟ್ಸ್. ಹತ್ತು ಸೆಂಟ್ಸ್ ಗದ್ದೆಗೆ ನಾಲ್ಕೇ ಚೌಕ, ಅದರಲ್ಲೂ ಅಂಚಿನ ತೆಂಗು ಸೇರಿಕೊಂಡಿರುತ್ತದೆ. ಸರಿ, ಇದಕ್ಕಿಂತ ಎಷ್ಟೋ ಸ್ಪಷ್ಟವಾದ ಚಿತ್ರವೇ ಸಿಕ್ಕಿತು ಅನ್ನಿ. ಆಗಸ್ಟ್‌ನಲ್ಲಿ ಭತ್ತವೂ ಹಸಿರು, ಹಡಿಲು ಗದ್ದೆಯ ಕಳೆಯೂ ಹಸಿರು. ಮ್ಯಾಪ್ ಮಾಡುವವರು ನಂಬುವ ಇನ್‌ಫ್ರಾರೆಡ್ ಬೆಳಕನ್ನು ಎರಡೂ ಎಲೆ ಜೋರಾಗಿಯೇ ಹಿಂದಕ್ಕೆ ಕಳಿಸುತ್ತವೆ.

ವ್ಯತ್ಯಾಸ ತಿಳಿಯುವುದು ಬೇರೆ ಬೇರೆ ತಾರೀಕಿನ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಇರುವ ಗದ್ದೆಯಲ್ಲಿ ಮೊದಲು ನೀರು ಕಾಣುತ್ತದೆ. ನೇಜಿ (ಭತ್ತದ ಸಸಿ) ನೆಟ್ಟ ಮೇಲೆ ಹಸಿರು ಏರುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೊಯ್ಲಾಗಿ ಆ ಹಸಿರು ಒಮ್ಮೆಲೇ ಇಳಿಯುತ್ತದೆ. ಹಡಿಲು ಗದ್ದೆಯಲ್ಲಿ ಹುಲ್ಲು ನಿಧಾನವಾಗಿ ಒಣಗುತ್ತದೆ, ಅಷ್ಟೇ. ತಗ್ಗಿನ ಬೈಲು ಗದ್ದೆಯಾದರೆ ಹಡಿಲಿದ್ದರೂ ನೀರು ನಿಲ್ಲಬಹುದು. ಅಲ್ಲಿ ಕೊಯ್ಲಿನ ಇಳಿತವನ್ನೇ ನೋಡಬೇಕು.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ. ಬೇಕಾದ ಹೊತ್ತಿನಲ್ಲೇ ಮಾಮೂಲಿ ಕ್ಯಾಮೆರಾ ಕೈಕೊಡುತ್ತದೆ. ಆಗ ಸೆಂಟಿನೆಲ್-1 ಎಂಬ ಇನ್ನೊಂದು ಉಪಗ್ರಹದ ರಾಡಾರ್ ಚಿತ್ರ ಬೇಕು. ರಾಡಾರ್‌ಗೆ ಮೋಡ ಅಡ್ಡಿಯಲ್ಲ. ನಿಂತ ನೀರು ಅದರಲ್ಲಿ ಕಪ್ಪಾಗಿ ಕಾಣುತ್ತದೆ, ಪೈರು ಎದ್ದಂತೆ ಬೆಳ್ಳಗಾಗುತ್ತದೆ. ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು ಎಂದು ಗದ್ದೆಯನ್ನು ವಿಂಗಡಿಸಿದ ನಮ್ಮ ಹಿರಿಯರು ಇದನ್ನು ಸುಲಭವಾಗಿ ಒಪ್ಪುತ್ತಾರೆ. ಗದ್ದೆಯ ಗುಣ ನೀರಿನಲ್ಲಿದೆ ಅಂತ ಅವರಿಗೆ ಗೊತ್ತು.

ನೀವು ಕೇಳದಿದ್ದರೂ ರಬ್ಬರ್ ವಿಷಯ ಹೇಳಿಬಿಡುತ್ತೇನೆ. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ತೋಟ ಮ್ಯಾಪ್‌ನಲ್ಲಿ ಕಾಡು ಅಂತ ಬರುವುದುಂಟು. ಮಳೆಗಾಲ ಮುಗಿದ ಹೊಸದರಲ್ಲಿ ಎರಡೂ ಒಂದೇ ಹಸಿರು. ಆದರೆ ರಬ್ಬರ್ ಚಳಿಗಾಲದಲ್ಲಿ ಎಲೆ ಉದುರಿಸಿ, ಸ್ವಲ್ಪ ದಿನದಲ್ಲೇ ಒಟ್ಟಿಗೆ ಚಿಗುರುತ್ತದೆ. ಆಗ ಮೋಡವೂ ಕಡಿಮೆ. ಡಿಸೆಂಬರ್‌ನಿಂದ ಮಾರ್ಚ್ ತನಕದ ಚಿತ್ರಗಳನ್ನು ಜೋಡಿಸಿದರೆ ತೋಟ ಬೇರೆಯಾಗಿ ಕಾಣುತ್ತದೆ. ಅಡಿಕೆಗೆ ಈ ಉಪಾಯ ನಡೆಯುವುದಿಲ್ಲ. ಅದು ವರ್ಷವಿಡೀ ಹಸಿರು, ಒಂದೊಂದೇ ಸೋಗೆ ಬೀಳಿಸುತ್ತದೆ. ಅಲ್ಲಿ ತೋಟಕ್ಕೇ ಹೋಗಿ ನೋಡಿ ಮ್ಯಾಪ್ ತಿದ್ದಬೇಕು.