ಜೋರು ಮಳೆಗಿಂತ ತುಂತುರಿಗೇ ಜಾಸ್ತಿ ಹೆದರುವ ಲೈನು

ಜೂನ್ ಬಂದರೆ ಮುಂಬೈ ಹೊರವಲಯದ ಡೊಂಬಿವಲಿ, ಕಲ್ಯಾಣದ ಕಡೆಯ ನಮ್ಮ ಕನ್ನಡದವರದ್ದು ಒಂದೇ ಗೋಳು: ನಾಲ್ಕು ಹನಿ ಬಿದ್ದರೆ ಸಾಕು, ಕರೆಂಟ್ ಹೋಯಿತು. ಬೀದಿ ಕಂಬದಲ್ಲಾದರೆ ಮರದ ಕೊಂಬೆಯೋ ಸುಟ್ಟ ಫ್ಯೂಸೋ ಇರಬಹುದು, ಅದು ಬೇರೆ ಕಥೆ. ದೊಡ್ಡ ಟವರಿನ ಹೈ ಟೆನ್ಷನ್ ಲೈನು ಟ್ರಿಪ್ ಆದರೆ, ಅಂದರೆ ತಾನಾಗಿಯೇ ಬಂದ್ ಆದರೆ ಮಾತ್ರ ಬೈಗುಳದಲ್ಲಿ ಮಳೆ ಇಲ್ಲದ ತಿಂಗಳುಗಳಿಗೂ ಪಾಲು ಕೊಡಬೇಕು.

ನವೆಂಬರಿನಿಂದ ಮೇ ತನಕ ಮುಂಬೈಯಲ್ಲಿ ಮಳೆ ಇಲ್ಲವೆಂದೇ ಲೆಕ್ಕ. ಸಮುದ್ರದ ಗಾಳಿಯ ಉಪ್ಪು, ಚೆಂಬೂರಿನ ರಿಫೈನರಿಗಳ ಹೊಗೆ, ತಳೋಜಾದ ಕೆಮಿಕಲ್ ಫ್ಯಾಕ್ಟರಿಗಳ ಧೂಳು, ಕಟ್ಟಡಗಳ ಸಿಮೆಂಟು, ಎಲ್ಲ ಇನ್ಸುಲೇಟರ್ ಮೇಲೆ, ಅಂದರೆ ತಂತಿಯನ್ನು ಹಿಡಿದು ಕರೆಂಟ್ ಟವರಿಗೆ ಹರಿಯದಂತೆ ತಡೆಯುವ ಸಾಮಾನಿನ ಮೇಲೆ, ಪದರ ಪದರವಾಗಿ ಕೂರುತ್ತವೆ. ಒಣಗಿದ್ದಷ್ಟು ದಿನ ಏನೂ ಆಗುವುದಿಲ್ಲ. ತುಂತುರು ಅಥವಾ ಇಬ್ಬನಿ ತಾಗಿದಾಗ ಉಪ್ಪು ಕರಗಿ ಮೇಲ್ಮೈಯಲ್ಲಿ ಕರೆಂಟ್ ಸೋರಲು ಶುರುವಾಗುತ್ತದೆ. ಆ ಬಿಸಿಗೆ ಅಲ್ಲಲ್ಲಿ ಪಟ್ಟಿಯ ಹಾಗೆ ಒಣಗುತ್ತದೆ, ಒಣ ಪಟ್ಟಿಯನ್ನು ದಾಟಿ ಕಿಡಿ ಹಾರುತ್ತದೆ, ಕಿಡಿಗಳು ಒಂದಕ್ಕೊಂದು ಸೇರಿ ತಂತಿಯಿಂದ ಟವರಿನವರೆಗೆ ಹಬ್ಬಿದರೆ ಅದೇ ಫ್ಲಾಶ್‌ಓವರ್. ಲೈನು ಟ್ರಿಪ್. ಜೋರು ಮಳೆ ಸುರಿದಿದ್ದರೆ ಕೊಳೆಯೇ ತೊಳೆದುಹೋಗುತ್ತಿತ್ತು, ಅಲ್ವಾ?

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ, 1915ರಲ್ಲಿ ಖೋಪೋಲಿಯಿಂದ ಮುಂಬೈಗೆ ಕರೆಂಟ್ ಬಂದ ಕಾಲದಲ್ಲಿ ಇನ್ಸುಲೇಟರ್ ಅಂದರೆ ಪಿಂಗಾಣಿ. ಗಟ್ಟಿ ಸಾಮಾನು, ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಅದರ ಮೇಲೆ ನೀರು ಹನಿಯಾಗಿ ನಿಲ್ಲದೆ ಹರಡಿಕೊಳ್ಳುತ್ತದೆ.

ಕೊಳೆಯೊಂದೇ ಶತ್ರುವಲ್ಲ. ಕ್ಯಾಲಿಫೋರ್ನಿಯಾದ ಬಿಗ್ ಕ್ರೀಕ್ ಲೈನನ್ನು 1923ರಲ್ಲಿ 220 ಕಿಲೋವೋಲ್ಟಿಗೆ ಏರಿಸಿದ ಮೇಲೆ ಕಾರಣವೇ ತಿಳಿಯದೆ ಫ್ಲಾಶ್‌ಓವರ್ ಆಗುತ್ತಿದ್ದವು. ಕೊನೆಗೆ ಸಿಕ್ಕಿಬಿದ್ದದ್ದು ಟವರಿನ ಮೇಲೆ ಕೂರುವ ದೊಡ್ಡ ಹಕ್ಕಿಗಳು! ಅವುಗಳ ಹಿಕ್ಕೆ ಉದ್ದ ಎಳೆಯಾಗಿ ಜಾರುವಾಗ ತಂತಿಗೂ ಟವರಿಗೂ ನಡುವಿನ ಗಾಳಿಯ ಅಂತರವೇ ಕಡಿಮೆಯಾಗುತ್ತಿತ್ತು.

ಕೊಳೆಗೆ ಅಳತೆ ಕಟ್ಟಿದ್ದು ಬಹಳ ತಡವಾಗಿ. 1986ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರದೇಶಗಳನ್ನು ನಾಲ್ಕು ದರ್ಜೆ ಮಾಡಿತು. ತಂತಿಯಿಂದ ಟವರಿನವರೆಗೆ ಇನ್ಸುಲೇಟರ್ ಮೈಮೇಲೆ ಸಾಗುವ ದಾರಿ ಕಡಿಮೆ ಕೊಳೆಯ ಕಡೆ ಕಿಲೋವೋಲ್ಟಿಗೆ 16 ಮಿಲಿಮೀಟರ್, ತೀರಾ ಜಾಸ್ತಿ ಇದ್ದಲ್ಲಿ 31 ಇರಬೇಕು. ಗರಿಷ್ಠ 245 ಕಿಲೋವೋಲ್ಟ್ ತಾಳಬೇಕಾದ ನಮ್ಮ 220ರ ಲೈನಿಗೆ ಇದನ್ನು ಗುಣಿಸಿ ನೋಡಿ: ಆ ದಾರಿ 3.9 ಮೀಟರ್ ಸಾಕಾಗುವ ಜಾಗವೂ ಇದೆ, 7.6 ಮೀಟರ್ ಬೇಕಾಗುವ ಕಡಲತೀರವೂ ಇದೆ. ಅದಕ್ಕೇ ಇನ್ಸುಲೇಟರಿನ ತಟ್ಟೆಯಂಥ ಡಿಸ್ಕುಗಳ ಅಡಿಯಲ್ಲಿ ಅಷ್ಟೊಂದು ಮಡಿಕೆಗಳು.

ಈಗ ಸಿಲಿಕೋನ್ ರಬ್ಬರಿನ ಪಾಲಿಮರ್ ಇನ್ಸುಲೇಟರ್ ಬಂದಿದೆ. ಅದರ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಯಾಗಿಯೇ ನಿಲ್ಲುತ್ತದೆ. ಚಳಿಗಾಲದ ಮಂಜಿನಲ್ಲಿ ಉತ್ತರ ಭಾರತದ ಲೈನುಗಳು ಪದೇ ಪದೇ ಟ್ರಿಪ್ ಆದ ಮೇಲೆ ಅಲ್ಲಿ ಪಿಂಗಾಣಿ ತೆಗೆದು ಇದನ್ನೇ ಹಾಕುತ್ತಾ ಬಂದರು. ಹಾಗಂತ ಇದಕ್ಕೂ ಆಯಸ್ಸಿದೆ. ಬಿಸಿಲಿಗೆ, ಕಿಡಿಗೆ ರಬ್ಬರ್ ಸವೆಯುತ್ತದೆ, ಕೆಲವು ಹಕ್ಕಿಗಳು ಅದನ್ನು ಕುಕ್ಕಿ ಹರಿಯುತ್ತವೆ, ಒಳಗಿನ ಫೈಬರ್ ಕಡ್ಡಿಗೆ ನೀರು ಇಳಿದರೆ ಕೆಳಗೆ ನಿಂತವರಿಗೆ ಗೊತ್ತೂ ಆಗುವುದಿಲ್ಲ. ಗಾಜಿನಿಂದ ಮಾಡಿದ ಇನ್ಸುಲೇಟರಿನಲ್ಲಿ ಒಡೆದ ಡಿಸ್ಕನ್ನಾದರೆ ಲೈನ್‌ಮ್ಯಾನ್ ನೆಲದಿಂದಲೇ ಗುರುತಿಸುತ್ತಾನೆ.